ನಿನಗೆ ಹಿಂದೆ ಮುಂದೆ ಯಾರಿದ್ದಾರೆ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ಅಕ್ಕಾ,

‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಕೇಳಬೇಕಾದ್ದನ್ನು ಕೇಳಿದೆ, ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನ ಕಾಗದ ಬಂದಾಗ ಲಾಡ್ಜಿನವರ ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಓದುತ್ತ ಮೈ ಉರಿದು, ಒಂದು ಕವರು ಸುಟ್ಟೇ ಹೋಯಿತು. ಅಂಗಡಿಯ ಒಡತಿ ಬಾಯಿಗೆ ಬಂದಂತೆ ಬೈದಳು. ಬೈಯಲಿ ಬಿಡು, ಅದರಲ್ಲಿ ನಿನ್ನ ಕಾಗದದಷ್ಟು ವಿಷವಿರಲಿಲ್ಲ. ಮಕ್ಕಳಾಗದಂತೆ ಬಲವಂತದ ಆಪರೇಷನ್ ಆದವರಿಗೆ ಸರ್ಕಾರ ಪರಿಹಾರ ಕೊಡುತ್ತಿರುವುದು ನಿನಗೆ ಬಹಳ ಸಂತೋಷವಂತೆ. ನನ್ನ ಪಾಲಿಗೆ ಬರುವುದರಲ್ಲಿ ನಿನ್ನ ಮಗನಿಗೆ ಗ್ಯಾರೇಜು ಹಾಕಿಕೊಡಬೇಕಂತೆ. “ನಿನಗೆ ಹಿಂದೆ ಮುಂದೆ ಯಾರಿದ್ದಾರೆ?” ಎಂದು ಬೇರೆ ಬರೆದಿದ್ದೀಯ. ಯಾರೂ ಇಲ್ಲ. ಇಲ್ಲದಂತೆ ಮಾಡಿದವಳು ಯಾರು?

ಅಪ್ಪ ಅಮ್ಮ ಹೋದ ಮೇಲೆ ನನಗೆ ನೀನೇ ದಿಕ್ಕು. ನನಗೆ ಮೂರ್ಛೆ ಬರುತ್ತಿತ್ತು, ಇಂಥವಳು ಹೆರಬಾರದು ಎಂದು ಡಾಕ್ಟರು ನಿನ್ನ ತಲೆಗೆ ತುಂಬಿರಬಹುದು. ಆದರೆ ಹತ್ತೊಂಬತ್ತರ ಹುಡುಗಿಯನ್ನು ಒಂದು ಮಾತು ಕೇಳದೆ ಸಹಿ ಹಾಕಿದವಳು ನೀನು. ನನ್ನ ಕಣ್ಣೆದುರೇ ಹಾಕಿದೆ. ತಲೆ ಸವರಿ, “ಸಣ್ಣ ಗಡ್ಡೆ ಕಣೇ, ತೆಗೆದುಬಿಡ್ತಾರೆ” ಅಂದೆ. ಪೆದ್ದಿ ನಾನು, ನಂಬಿದೆ. ಆಮೇಲೆ ನಿನ್ನ ಮಗನನ್ನು ನನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಹೋದೆ. ಸಂಬಳವಿಲ್ಲದ ಆಯಾ ಸಿಕ್ಕಿದ್ದಳಲ್ಲ. ಮದುವೆಯಾಗಿ, ಬಸಿರಾಗಲಿಲ್ಲವೆಂದು ಗಂಡ ಬಿಟ್ಟು ಹೋದ ಮೇಲೆ, ಬೇರೆ ಊರಿನ ಡಾಕ್ಟರ ಬಾಯಿಂದ ನನಗೆ ನಿಜ ತಿಳಿಯಿತು. ಆಗಲೂ ನೀನು ಅತ್ತುಬಿಟ್ಟೆಯೇ ಹೊರತು ತಪ್ಪು ಒಪ್ಪಿಕೊಳ್ಳಲಿಲ್ಲ.

ಪರಿಹಾರದ ಕಚೇರಿಯ ಮೇಡಂ, ಸಹಿ ಹಾಕಿದ್ದು ಯಾರೆಂದು ಕೇಳಿದಾಗ ಗೊತ್ತಿಲ್ಲ ಎಂದೆ. ನಿನ್ನ ಮುಖ ನೋಡಿ ಅಲ್ಲ, ನಾನು ಎತ್ತಿ ಆಡಿಸಿದ ನಿನ್ನ ಮಗನಿಗಾಗಿ. ಅಮ್ಮ ಪುಣ್ಯಾತ್ಗಿತ್ತಿ, ರೋಗದ ತಂಗಿಯನ್ನು ಸಾಕಿದಳು ಎಂದೇ ಅವನು ತಿಳಿದಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗ್ಯಾರೇಜಿಗೆ ಬಿಡಿಗಾಸೂ ಕೊಡುವುದಿಲ್ಲ. ಸಿನಿಮಾ ನೋಡಿಯಾದರೂ ಹಾಳು ಮಾಡುತ್ತೇನೆ, ಕೇಳಲು ನೀನ್ಯಾರು?

ಭಾವನಿಗೆ ನನ್ನ ನಮಸ್ಕಾರ. ನಿನಗೆ ತಿಳಿಸಬೇಕಾದ್ದನ್ನು ತಿಳಿಸಿಯಾಗಿದೆ.

ಇಂತು,
ನಿನ್ನ ತಂಗಿ

ವಿ.ಸೂ: ಬರೆದು ಮುಗಿಸುವಷ್ಟರಲ್ಲಿ ನಿನ್ನ ಮಗ ಬಂದ. ಗ್ಯಾರೇಜಿನ ಮಾತಾಡಲು ನೀನೇ ಕಳಿಸಿದೆಯಂತೆ. “ಏನು ಬರೀತಿದ್ದೀಯ ಚಿಕ್ಕಮ್ಮ?” ಅಂದ. ಬಚ್ಚಿಡಬೇಕೆಂದುಕೊಂಡೆ, ಆಗಲಿಲ್ಲ. ಕೊಟ್ಟುಬಿಟ್ಟೆ. ಎರಡು ಸಲ ಓದಿದ. “ಅಂಚೆಗೆ ಹಾಕಬೇಡ, ನಾನೇ ಅಮ್ಮನ ಕೈಗೆ ಕೊಡ್ತೀನಿ” ಅಂದ. ಇದನ್ನು ನೀನು ಓದುವಾಗ ಅವನು ಎದುರಿಗೇ ನಿಂತಿರುತ್ತಾನೆ. ನನಗೆ ಉತ್ತರ ಬರೆಯುವುದು ಬೇಡ. ಅವನಿಗೆ ಹೇಳು.