ತಲೆಕೆಳಗಾದ ತಿಂಗಳು

ಮನೆಯಿಂದ,
ತಾರೀಕು ಹದಿನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮೊದಲು ಬೆರಳಿನ ವಿಷಯ ಬರಿ. ಬಿಸಿ ಮೇಣ ತಾಗಿ ಸುಟ್ಟಿದ್ದ ಹೆಬ್ಬೆರಳು ವಾಸಿಯಾಯಿತೋ, ಇಲ್ಲ ಪಟ್ಟಿ ಸುತ್ತಿಕೊಂಡೇ ಕ್ಲಾಸಿನಲ್ಲಿ ಮೇಣದ ಹಲ್ಲು ಕೆತ್ತುತ್ತಾ ಕೂತಿದ್ದೀಯೋ? ಹಾಸ್ಟೆಲ್ಲಿನ ಹಾಸಿಗೆ ನಡುವೆ ಕುಳಿ ಬಿದ್ದಿದೆ ಅಂದಿದ್ದೆ, ಅಡಿಗೆ ಹಳೇ ರಟ್ಟು ಮಡಿಸಿ ಹಾಕಿಕೋ, ಬೆನ್ನಿಗೂ ಒಳ್ಳೆಯದು, ಕಾಸೂ ಬೇಡ. ಇಲ್ಲಿ ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಗಂಡ ದಿನವಿಡೀ ಡಿಪೋದಲ್ಲಿ ಬಸ್ಸುಗಳ ವೈರು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಮನೆಗೆ ಬಂದ ಮೇಲೆ ತನ್ನ ಬೂಟಿನ ದಾರ ಬಿಚ್ಚುವುದಕ್ಕೆ ಮಾತ್ರ ಸೋಮಾರಿತನ. ನನ್ನ ಬಾಯಲ್ಲಿ ಹನ್ನೊಂದು ಹಲ್ಲು ಬಿಟ್ಟು ಹೋಗಿದ್ದೆಯಲ್ಲ, ಈಗ ಹತ್ತು. ಹೋದದ್ದು ಎಡದವಡೆಯ ಮುದುಕ, ಬಹಳ ದಿನದಿಂದ ಅಲ್ಲಾಡುತ್ತಿತ್ತು, ಹೇಳದೇ ಕೇಳದೇ ಬ್ರೆಡ್ಡಿನ ಜೊತೆ ಬಂದುಬಿಟ್ಟಿತು. ಅದಕ್ಕೇನು ದುಃಖ ಪಡಬೇಡ. ನೀನು ಕಲಿತು ಬರುವ ಹೊತ್ತಿಗೆ ಉಳಿದವೂ ಜಾಗ ಖಾಲಿ ಮಾಡಿರುತ್ತವೆ, ಪೂರ್ತಿ ಸೆಟ್ಟು ನೀನೇ ಕೂರಿಸು. ಬೇರೆಯವರು ಮಾಡಿದ ಹಲ್ಲಿನಲ್ಲಿ ನಾನು ಯಾರ ಮೇಲೂ ರೇಗಲಾರೆ.

ನಿನ್ನ ಕಾಗದ ಮೊನ್ನೆ ಬಂತು. ಮೂರು ಸಲ ಓದಿದೆ. "ನಾನಿಲ್ಲಿ ಹೊಟ್ಟೆ ತುಂಬ ಉಂಡು, ನೀವಲ್ಲಿ ಗಂಜಿ ಕುಡಿಯೋದು ನನಗೆ ಬೇಡ ಅತ್ತೆ. ಅಣ್ಣ ಎಲ್ಲಾ ಹೇಳಿದ. ಈ ತಿಂಗಳಿಗೆ ಬಿಟ್ಟು ಬಂದುಬಿಡ್ತೀನಿ, ಮತ್ತೆ ಆ ದಂತವೈದ್ಯರ ಹತ್ರಾನೇ ಟೋಕನ್ ಕೊಡೋ ಕೆಲಸ ಕೇಳ್ತೀನಿ" ಅಂತ ಬರೆದಿದ್ದೀಯ. ಹಲ್ಲಿನ ಸೆಟ್ಟು ಮಾಡುವ ಹನ್ನೊಂದು ತಿಂಗಳ ಕಲಿಕೆಯಲ್ಲಿ ಆರು ಮುಗಿಸಿದವಳು ನೀನು. ಹೊಳೆ ಅರ್ಧಕ್ಕಿಂತ ಹೆಚ್ಚು ದಾಟಿದವಳು, ದಡದಲ್ಲಿರುವವರಿಗೆ ಬಾಯಾರಿಕೆ ಅಂತ ಯಾರೋ ಕೂಗಿದ ಮಾತ್ರಕ್ಕೆ ಹಿಂದೆ ತಿರುಗುತ್ತಾಳಾ? ನಿಮ್ಮಣ್ಣ ಕಂಡದ್ದು ಸುಳ್ಳಲ್ಲ. ಅವನು ಬಂದ ದಿನ ಸರಿಯಿರಲಿಲ್ಲ, ಅಷ್ಟೇ. ಅದನ್ನು ಬಿಡಿಸಿ ಹೇಳಬೇಕಾದರೆ ಇಷ್ಟು ದಿನ ನಿನ್ನಿಂದ ಬಚ್ಚಿಟ್ಟ ಒಂದು ಸಂಗತಿ ಹೇಳಬೇಕು. ಬಚ್ಚಿಟ್ಟದ್ದು ಬರೀ ನಾಚಿಕೆಗೆ.

ನೀನು ಹೊರಟ ದಿನ ಬಸ್ಸಿನ ಕಿಟಕಿ ಹಿಡಿದು ನಾನು ಏನಂದೆ? "ಮನೆ ಖರ್ಚಿನ ಯೋಚನೆ ನನಗೆ ಬಿಡು ಕಣೇ, ಕಿರಾಣಿ ಅಂಗಡೀಲಿ ಮೂವತ್ತು ವರ್ಷ ಪೊಟ್ಟಣ ಕಟ್ಟಿದ ಕೈ ಇದು" ಅಂದೆ. ಎಷ್ಟು ಜಂಬ! ಮೊದಲನೇ ತಿಂಗಳು ಇಪ್ಪತ್ತೆರಡಕ್ಕೆ ದುಡ್ಡು ಮುಗಿಯಿತು. ಎರಡನೇ ತಿಂಗಳು ಇನ್ನೂ ಬಿಗಿ ಹಿಡಿದೆ, ಇಪ್ಪತ್ತಕ್ಕೇ ಮುಗಿಯಿತು! ನೀನಿದ್ದಾಗ ಹೇಗೆ ಸಾಗುತ್ತಿತ್ತೋ, ನೀನು ಏನು ಮಂತ್ರ ಹಾಕುತ್ತಿದ್ದೆಯೋ ಕೇಳೋಣ ಅಂದರೆ ಅತ್ತೆಗಿರಿ ಅಡ್ಡ ಬಂತು. ಒಂದನೇ ತಾರೀಕು ನನ್ನ ಮಗರಾಯ ಸಂಬಳದ ಜೊತೆ ಒಂದು ಕಟ್ಟು ಬಿಸ್ಕತ್ತು, ದ್ರಾಕ್ಷಿ, ನನಗೊಂದು ಬೆನ್ನುಜ್ಜುವ ಬ್ರಷ್ಷು ತರುತ್ತಿದ್ದ. ನಾನೂ "ತಿಂಗಳು ಪೂರ್ತಿ ದುಡಿದಿದಾನೆ ಪಾಪ" ಅಂತ ಎಣ್ಣೆ ಧಾರಾಳ ಸುರಿಯುತ್ತಿದ್ದೆ. ಇಪ್ಪತ್ತರ ಮೇಲೆ ಇಬ್ಬರೂ ಡಬ್ಬಿಗಳ ತಳ ಕೆರೆಯುತ್ತಾ ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದೆವು. ಬ್ರಷ್ಷು ಮಾತ್ರ ಚೆನ್ನಾಗಿದೆ.

ಮೂರನೇ ತಿಂಗಳು, ಹೀಗೇ ಡಬ್ಬಿ ಕೆರೆಯುವಾಗ, ನಮ್ಮ ಅಂಗಡಿ ಯಜಮಾನರ ಮಾತು ನೆನಪಾಯಿತು. ನಾನು ಹೊಸದಾಗಿ ಸೇರಿದಾಗ, ಮೂಟೆ ಬಾಯಿ ಬಿಚ್ಚಿದ ದಿನ ಗಿರಾಕಿಗಳಿಗೆ ಒಂದು ಹಿಡಿ ಜಾಸ್ತಿಯೇ ಸುರಿಯುತ್ತಿದ್ದೆನಂತೆ, ಮೂಟೆ ತಳ ಕಾಣುವಾಗ ಕಾಳು ಕಾಳು ತಡೆದು ತಡೆದು ಹಾಕುತ್ತಿದ್ದೆನಂತೆ. ಅವರು ನೋಡಿ ನೋಡಿ ಒಂದು ದಿನ, "ಏನಮ್ಮಾ, ತಕ್ಕಡಿಗೆ ಕಣ್ಣಿಲ್ಲ, ನಿನ್ನ ಕೈಗೆ ಕಣ್ಣಿದೆ. ಮೂಟೆ ತುಂಬಿರೋದು ಕಂಡ್ರೆ ಕೈ ರಾಜ, ತಳ ಕಂಡ್ರೆ ಕೈ ಭಿಕಾರಿ. ತುಂಬಿದ ಮೂಟೇಲೂ ತಳ ಕಂಡವಳ ಹಾಗೇ ತೂಗು" ಅಂದಿದ್ದರು. ಸರಿ, ಅದನ್ನೇ ತಿಂಗಳಿಗೂ ಯಾಕೆ ಮಾಡಬಾರದು ಅನ್ನಿಸಿತು. ಹೇಗೂ ತಿಂಗಳಲ್ಲಿ ಒಂದು ವಾರ ಗಂಜಿಯೇ ಗತಿ. ಅದು ಕೊನೆಯಲ್ಲೇ ಬರಬೇಕು ಅಂತ ಯಾರು ಬರೆದಿಟ್ಟಿದ್ದಾರೆ? ಅವತ್ತಿನಿಂದ ನಮ್ಮ ಮನೆಯಲ್ಲಿ ತಿಂಗಳು ತಲೆಕೆಳಗು. ಒಂದರಿಂದ ಏಳರವರೆಗೆ ನಮಗೆ ಕಡೇ ವಾರ. ಗಂಜಿ, ಬೇಯಿಸಿದ ಸೊಪ್ಪು, ಒಂದೇ ದೀಪ. ನಿನ್ನ ಗಂಡ ಡಿಪೋಗೆ ನಡೆದೇ ಹೋಗುತ್ತಾನೆ, ನಾನು ಫ್ರಿಜ್ಜಿನ ಪಿನ್ನು ಕಿತ್ತಿಡುತ್ತೇನೆ. ಎಂಟರಿಂದ ಬೇಳೆ, ತರಕಾರಿ. ಹದಿನಾರರ ಮೇಲೆ ಮೊಟ್ಟೆ. ಇಪ್ಪತ್ನಾಲ್ಕು ದಾಟಿದರೆ ಹಣ್ಣು, ಬೆಣ್ಣೆ, ಮಧ್ಯಾಹ್ನ ನನಗೊಂದು ಎರಡನೇ ಲೋಟ ಚಹಾ. ಎಲ್ಲರ ಮನೆಯಲ್ಲೂ ತಿಂಗಳು ಇಳಿಜಾರು, ನಮ್ಮದು ಮಾತ್ರ ಮೆಟ್ಟಿಲು ಹತ್ತುತ್ತದೆ.

ಮೊದಲ ಸಲ ನಿನ್ನ ಗಂಡನ ಮುಖ ನೋಡಬೇಕಿತ್ತು. ಸಂಬಳದ ಕವರ್ ನನ್ನ ಕೈಗಿಟ್ಟು, ಕೈಕಾಲು ತೊಳೆದು, ಆಸೆಯಿಂದ ಪಾತ್ರೆ ಮುಚ್ಚಳ ತೆಗೆದವನು ಹಾಗೇ ನಿಂತ. "ಅಮ್ಮಾ, ಸಂಬಳದ ದಿನ ಗಂಜಿ ಕುಡಿಯೋನು ಈ ಭೂಮಿ ಮೇಲೆ ನಾನೊಬ್ಬನೇ" ಅಂದ. "ಒಬ್ಬನೇ ಯಾಕೆ ಆಗ್ತೀಯ, ನಾನಿಲ್ವಾ" ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಇಪ್ಪತ್ತೆಂಟಕ್ಕೆ ಡಿಪೋದಲ್ಲಿ ಬುತ್ತಿ ಬಿಚ್ಚಿದಾಗ ಎರಡು ಮೊಟ್ಟೆ, ಒಂದು ಬಾಳೆಹಣ್ಣು. ಸುತ್ತ ಇದ್ದವರ ಡಬ್ಬಿಯಲ್ಲಿ ಬರೀ ಉಪ್ಪು ಸವರಿದ ಅನ್ನ. "ಏನಯ್ಯಾ, ಬಸ್ಸಿನ ಸೀಟಿನ ಕೆಳಗೆ ಯಾರ ಪರ್ಸು ಸಿಕ್ತು?" ಅಂತ ಕೇಳಿದರಂತೆ. ಮನೆಗೆ ಬಂದವನು ಕದ ತೆಗೆಯುತ್ತಲೇ ನಗುತ್ತಿದ್ದ. ಈಗ ಅವರಲ್ಲಿ ಟೈರು ಬದಲಿಸುವ ಇಬ್ಬರು ತಮ್ಮ ಮನೆಯಲ್ಲೂ ತಿಂಗಳು ಮಗುಚಿದ್ದಾರಂತೆ. ಒಬ್ಬನ ಹೆಂಡತಿ ಒಪ್ಪಿದ್ದಾಳೆ, ಇನ್ನೊಬ್ಬನವಳು ತವರಿಗೆ ಹೋಗಿದ್ದಾಳೆ.

ಇನ್ನು ನಿಮ್ಮಣ್ಣ ಬಂದದ್ದು. ವ್ಯಾನಿನಲ್ಲಿ ಸಾಮಾನು ಇಳಿಸಿ ಇದೇ ದಾರಿಯಲ್ಲಿ ಹೋಗುತ್ತಿದ್ದೆ ಅಂತ ಮೂರನೇ ತಾರೀಕು ಸಂಜೆ ಬಂದ. ನೀನೇ ಯೋಚನೆ ಮಾಡು, ಮೂರನೇ ತಾರೀಕು! ನಾನು ಮನೆಯೊಳಗೆ ಅಡಿಗೆಮನೆಯದೊಂದು ಬಿಟ್ಟು ಉಳಿದ ದೀಪ ಆರಿಸಿ, ಹೊರಗೆ ಮೆಟ್ಟಿಲಿನ ಮೇಲೆ ಕೂತು ಅಲ್ಲಿನ ಬಲ್ಬಿನ ಬೆಳಕಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅದು ಕಟ್ಟಡದ ಬಲ್ಬು, ಹೇಗೂ ಉರಿಯುತ್ತದೆ, ನಾನು ಕೂತರೂ ಉರಿಯುತ್ತದೆ. ಎದುರುಮನೆಯ ದರ್ಜಿಯಂತೂ ಹತ್ತುವಾಗ ಇಳಿಯುವಾಗ "ಮೆಟ್ಟಿಲಿಗೆ ಬಾಡಿಗೆ ಎಷ್ಟು ಕೊಡ್ತೀರಮ್ಮಾ?" ಅಂತ ಕೇಳಿಯೇ ಹೋಗುತ್ತಾನೆ. ನಿಮ್ಮಣ್ಣನಿಗೆ ಇದೆಲ್ಲ ಏನು ಗೊತ್ತು? ಮುದುಕಿ ಕತ್ತಲೆ ಮನೆಯ ಹೊರಗೆ ಕೂತಿದ್ದಾಳೆ. ಒಳಗೆ ಭಾವ ಗಂಜಿ ಕುಡಿಯುತ್ತಿದ್ದಾನೆ. ಭಾವನ ಅಂಗಿ ನೋಡಿದರೆ ಮೈಯೆಲ್ಲ ಮಾಸಿದ ನೀಲಿ, ಕಾಲರು ಮಾತ್ರ ಕಡು ನೀಲಿ. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ನಾನೇ ಹೊಲಿದದ್ದು ಅದು, ಇನ್ನೊಂದು ವರ್ಷ ಬರುತ್ತದೆ. ತಂದಿದ್ದ ಹಣ್ಣು ಇಡೋಣ ಅಂತ ಪಾಪ ಫ್ರಿಜ್ಜು ತೆಗೆದ. ಒಳಗೆ ಕಗ್ಗತ್ತಲೆ. ಪಿನ್ನು ಕಿತ್ತ ವಾರ ಇರುವೆ ಬಾರದ ಜಾಗ ಅಂತ ನಾನು ಅದರಲ್ಲಿ ಈರುಳ್ಳಿ, ಬೇಳೆ ಪೊಟ್ಟಣ, ಹೊಲಿಗೆಯ ಡಬ್ಬಿ ಇಟ್ಟಿದ್ದೆ. ಹೊಲಿಗೆಯ ಡಬ್ಬಿ ನೋಡಿ ಅವನ ಕಣ್ಣಲ್ಲಿ ನೀರೇ ಬಂದಿತ್ತು ಅಂತ ಈಗ ಅನ್ನಿಸುತ್ತದೆ. "ಅಮ್ಮಾ, ಎಲ್ಲಾ ಸರಿಯಾಗಿದೆ ತಾನೇ?" ಅಂದ. ನಾನು ನನ್ನ ಪಾಡಿಗೆ, "ಸರಿಯಾಗಿದೆ ಕಣಪ್ಪಾ, ಈಗ ನಮಗೆ ಕಡೇ ವಾರ ನೋಡು, ಹಾಗಾಗಿ ಸ್ವಲ್ಪ ಬಿಗಿ" ಅಂದುಬಿಟ್ಟೆ. ಅವನು ಗೋಡೆಯ ಕ್ಯಾಲೆಂಡರ್ ನೋಡಿದ, ನನ್ನ ನೋಡಿದ. ಮೂರನೇ ತಾರೀಕಿಗೇ ಇವರಿಗೆ ಕಡೇ ವಾರ ಬಂದಿದೆ ಅಂದರೆ ಯಾರಿಗಾದರೂ ಎದೆ ಧಸಕ್ ಅನ್ನಲ್ಲವಾ? ಹೋಗುವಾಗ ಚಪ್ಪಲಿ ಮೆಟ್ಟುವ ಜಾಗದಲ್ಲಿ ಒಂದು ನೋಟು ಬಿದ್ದಿತ್ತು. ಜೇಬಿನಿಂದ ಜಾರಿದೆ ಅಂತ ಎತ್ತಿಟ್ಟೆ. ಬೇಕೆಂದೇ ಬೀಳಿಸಿ ಹೋದದ್ದು ಅಂತ ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು. ಎಂಥ ಒಳ್ಳೆಯ ಮನಸ್ಸು, ಎಂಥ ದಡ್ಡ ತಲೆ! ಇಪ್ಪತ್ತೆಂಟಕ್ಕೆ ಊಟಕ್ಕೆ ಬಾ ಅಂತ ಅವನಿಗೆ ಹೇಳಿ ಕಳಿಸಿದ್ದೇನೆ.

ಎಲ್ಲವೂ ನಗುವೇ ಅಂತ ಹೇಳಿದರೆ ನೀನು ನಂಬುವವಳಲ್ಲ, ಅದಕ್ಕೆ ನನ್ನ ತಪ್ಪನ್ನೂ ಬರೆಯುತ್ತೇನೆ. ಮಗುಚಿದ ಮೊದಲ ತಿಂಗಳು, ಕಡೇ ವಾರ ಅಂದ ಮೇಲೆ ಎಲ್ಲದಕ್ಕೂ ಕಡೇ ವಾರವೇ ಅಂತ, ನನ್ನ ರಕ್ತದೊತ್ತಡದ ಮಾತ್ರೆಯನ್ನೂ ಅರ್ಧರ್ಧ ಮಾಡಿ ನುಂಗಿದೆ. ಐದನೇ ದಿನ ಅದೇ ಮೆಟ್ಟಿಲಿನ ಮೇಲೆ ತಲೆ ಸುತ್ತಿ ಕೂತುಬಿಟ್ಟೆ. ದರ್ಜಿ ನೀರು ಕುಡಿಸಿದ. ಸಂಜೆ ಮಾತ್ರೆಯ ಹಾಳೆಯಲ್ಲಿ ಅರ್ಧ ತುಂಡುಗಳನ್ನು ಕಂಡು ನಿನ್ನ ಗಂಡ ನನ್ನ ಮೇಲೆ ಕೂಗಾಡಿದ, ಹುಟ್ಟಿದಾಗಿನಿಂದ ಮೊದಲ ಸಲ. "ಉಳಿಸೋದು ಬದುಕೋಕೆ ಅಮ್ಮಾ!" ಅಂದ. ಅವತ್ತು ನಾವಿಬ್ಬರೂ ಕೂತು ಗೆರೆ ಎಳೆದೆವು. ನನ್ನ ಮಾತ್ರೆ, ದಿನದ ಹಾಲು, ನಿನ್ನ ಫೀಸು, ಈ ಮೂರಕ್ಕೆ ಮೊದಲ ವಾರವೂ ಇಲ್ಲ, ಕಡೇ ವಾರವೂ ಇಲ್ಲ. ಕವರ್ ಬಿಚ್ಚಿದ ಕ್ಷಣವೇ ಆ ಮೂರು ಪಕ್ಕಕ್ಕೆ. ನಿನ್ನ ಮುಂದಿನ ಐದು ತಿಂಗಳೂ ಹೀಗೇ ಬರುತ್ತದೆ. ಮೂರು ತಿಂಗಳಿಂದ ಯಾರ ಹತ್ತಿರವೂ ಕೈ ಚಾಚಿಲ್ಲ, ಡಬ್ಬಿಯ ತಳ ಕೆರೆದಿಲ್ಲ. ಹೋದ ತಿಂಗಳು ಮೂವತ್ತಕ್ಕೆ ಬೆಣ್ಣೆ ಮಿಕ್ಕಿ ದರ್ಜಿಗೂ ಕೊಟ್ಟೆ.

ನೋಡು, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದವನಿಗೆ ಹಲ್ಲು ಮಾಡುವ ಸೊಸೆ ಇರಲಿಲ್ಲ. ಪೊಟ್ಟಣದ ಕಾಗದ ಓದಿ ಓದಿ ಅಕ್ಷರ ಕಲಿತವಳು ನಾನು. ಯಾವ ಕಥೆ ಓದಿದರೂ ಒಳ್ಳೆಯ ಜಾಗಕ್ಕೆ ಬರುವಾಗ ಕಾಗದ ಹರಿದಿರುತ್ತಿತ್ತು. ಆ ಹುಡುಗಿ ಊರಿಗೆ ತಲುಪಿದಳೋ ಇಲ್ಲವೋ, ಆ ಕಳ್ಳ ಸಿಕ್ಕಿದನೋ ಇಲ್ಲವೋ, ಮೂವತ್ತು ವರ್ಷದ ಕಥೆಗಳು ಇನ್ನೂ ನನ್ನ ತಲೆಯಲ್ಲಿ ಅರ್ಧಕ್ಕೇ ನಿಂತಿವೆ. ಮನೆಯಲ್ಲೂ ಒಂದು ಅರ್ಧ ಕಥೆ ಇಟ್ಟುಕೊಂಡು ಕೂರುವ ಶಕ್ತಿ ನನಗಿಲ್ಲ ಕಣೇ. ನಿನ್ನ ಕೈ ಅಲುಗದ ಕೈ ಅಂತ ಆ ದಂತವೈದ್ಯರೇ ಹೇಳಿದ್ದಲ್ಲವಾ? ಟೋಕನ್ ಹರಿದುಕೊಡಲು ಅಂಥ ಕೈ ಯಾಕೆ, ಯಾವ ಕೈಯಾದರೂ ಸಾಕು.

ಮೂರು ಹೊತ್ತು ಉಣ್ಣು. ಮೇಣ ಕಾಯಿಸುವಾಗ ಮಾತಾಡಬೇಡ. ಕಣ್ಣಿಗೆ ಆಗಾಗ ತಣ್ಣೀರು ಹಾಕು. ನಿನ್ನ ಕೈಯಿಂದ ನೂರು ಜನ ಬಾಯಿ ತುಂಬ ನಗುವಂತಾಗಲಿ, ಅದರಲ್ಲಿ ಮೊದಲನೆಯವಳು ನಾನಾಗಲಿ.

ನಿನ್ನ ಅತ್ತೆ

ತಾ.ಕ.: ಅಂಚೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಹಾಳೆಗಳ ಹಿಂಬದಿ ನೀನಾಗಲೇ ನೋಡಿರುತ್ತೀಯ. ಹೌದು, ಕೋರ್ಸ್ ಬಿಡುವುದಕ್ಕೆ ಜಾಮೀನುದಾರರ ಸಹಿ ಬೇಕು ಅಂತ ನಿನ್ನ ಗಂಡನಿಗೆ ಕಳಿಸಿದ್ದೆಯಲ್ಲ, ಅದೇ ಅರ್ಜಿ. ಮೂರು ಹಾಳೆ, ಮೂರಕ್ಕೂ ಒಂದೇ ಕಡೆ ಅಚ್ಚು, ಇನ್ನೊಂದು ಕಡೆ ಹಾಲಿನ ಹಾಗೆ ಬಿಳಿ. ಹಾಳು ಮಾಡಲು ಮನಸ್ಸು ಬರಲಿಲ್ಲ. ಅವನು ಎರಡು ದಿನ ಅದನ್ನು ಹಿಡಿದುಕೊಂಡು ಓಡಾಡಿದ, ನೀನು ಬೇಕಂದದ್ದಕ್ಕೆ ಇಲ್ಲ ಅನ್ನಲಾರದೆ ಪೆನ್ನು ತೆರೆದು ಮುಚ್ಚಿ ಮಾಡಿದ. ನಾನೇ ಇಸಿದುಕೊಂಡೆ. ಅದರಲ್ಲಿ "ಬಿಡಲು ಕಾರಣ" ಅನ್ನುವ ಕಡೆ "ಮನೆಯವರ ಕಷ್ಟ" ಅಂತ ನೀನು ಬರೆದಿದ್ದೀಯ. ಆ ಮನೆಯವಳು ನಾನು, ನನ್ನನ್ನು ಕೇಳಲಿಲ್ಲ. ಕೆಲಸವೇ ನಿನಗೆ ಹಿಡಿಸದಿದ್ದರೆ ಆಫೀಸಿನಲ್ಲಿ ಹೊಸ ಅರ್ಜಿ ಕೇಳು, ನಿನ್ನ ಕಾರಣ ಬರಿ, ಬಂದುಬಿಡು, ಒಂದು ಮಾತೂ ಆಡದೆ ಕದ ತೆಗೆಯುತ್ತೇನೆ. ನಮ್ಮ ಗಂಜಿಯನ್ನು ಕಾರಣ ಮಾಡಬೇಡ. ಅವನ ಸಹಿ ಕೇಳಿದ್ದೆಯಲ್ಲ, ಕೆಳಗೆ ನನ್ನ ಕಾಗದಕ್ಕೇ ಹಾಕಿಸಿದ್ದೇನೆ. "ಓದಿದ್ದೇನೆ, ಒಪ್ಪಿದ್ದೇನೆ" ಅಂತ ಅವನೇ ಬರೆದಿದ್ದಾನೆ.