ನಾಲ್ಕು ಬೆರಳು ಮೇಲೇರಿದ ಕಣ್ಣು

ವರ್ಕ್‌ಶಾಪಿನ ಮೇಲಿನ ಮನೆ,
ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಇಷ್ಟು ಸಿಟ್ಟಿನಲ್ಲೂ 'ಪ್ರೀತಿಯ' ಎಂದೇ ಬರೆದಿದ್ದೇನೆ, ಗಮನಿಸು. ಸೊಂಟನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಅದೂ ನನ್ನ ಮಾತಿನ ಹಾಗೆ ಮೂಲೆ ಸೇರಿದೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಸೋದರಸೊಸೆ ಗುಂಡಮ್ಮನಿಗೆ ಮೇಲಿನ ಹಲ್ಲು ಬರುತ್ತಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ನಿದ್ದೆ ಮಾತ್ರ ಮಾಡುವುದಿಲ್ಲ. ಇವರದು ರಾತ್ರಿ ಪಾಳಿ. ಬಂದವರು ಶೂ ಬಿಚ್ಚುವಷ್ಟರಲ್ಲಿ ಗೊರಕೆ. ಇನ್ನು ನಾನು. ನಾನು ಚೆನ್ನಾಗಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದೊಳಗೆ ಯಾರೂ ಬಾಯಿ ಹಾಕಲಾರರು, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಬೆನ್ನ ಮೇಲೆ ಕುಂಡ ಹೊತ್ತು, ಬಿಸಿಲು ಸರಿದತ್ತ ತಾನೂ ಸರಿದು, ಮಣ್ಣು ಒಣಗಿದರೆ ನಲ್ಲಿಯ ಕೆಳಗೆ ಹೋಗಿ ನಿಲ್ಲುವ ಆ ಪುಟ್ಟ ರೋಬೋಟಿಗೆ ಆಮೆ ಎಂದು ಹೆಸರಿಟ್ಟವಳು ನಾನು. ಹೊಟ್ಟೆ ಬೆಂಚಿಗೆ ತಾಗುತ್ತಿದ್ದ ತಿಂಗಳಲ್ಲೂ ಕೂತು ಅದರ ವೈರು ಬೆಸೆದವಳು ನಾನು. ಎದುರಿಗೆ ಬಂದದ್ದನ್ನು ನೋಡಿ ನಿಲ್ಲುವ ಅದರ ಮುಂಗಣ್ಣನ್ನು ನೆಲಕ್ಕೆ ಅಂಟಿದಂತೆ ಕೂರಿಸಿದವಳೂ ನಾನೇ. ಬಾಣಂತಿ ಎಂದು ನಾನು ಮೇಲಿನ ಮನೆ ಸೇರಿದ್ದೇ ತಡ, ನೀನು ಅದನ್ನು ನಾಲ್ಕು ಬೆರಳು ಮೇಲೇರಿಸಿದೆ. ಯಾಕೆ? ಗಿಡ ಬೆಳೆಸುವ ಹಸಿರುಮನೆಯಲ್ಲಿ ಕುಂಡದ ಕೆಸರು ನೀರು ಸೋರಿ ಕಣ್ಣಿಗೆ ಮೆತ್ತಿಕೊಂಡು, ಎದುರಿಗೆ ಗೋಡೆಯಿದೆ ಎಂದು ಆಮೆ ನಿಂತಲ್ಲೇ ನಿಲ್ಲುತ್ತಿತ್ತಂತೆ. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗಾಯಿತಲ್ಲೋ! ಹಸಿರುಮನೆಯಲ್ಲಿ ಓಡಾಡುವವರೆಲ್ಲ ಬೂಟು ಹಾಕಿದ ದೊಡ್ಡವರು, ಅಲ್ಲಿ ನಡೆಯಿತು. ಅದೇ ಆಮೆಯನ್ನು ನಾಡಿದ್ದು ಶಿಶುವಿಹಾರದಲ್ಲಿ ಬಿಡಲು ಹೊರಟಿದ್ದೀಯಲ್ಲ, ಅಲ್ಲಿರುವವರು ಬೂಟು ಹಾಕಿ ನಡೆಯುತ್ತಾರೆಯೇ?

ನಿನ್ನೆ ಮಧ್ಯಾಹ್ನ, ಇಲ್ಲಿರುವ ಮೂರನ್ನು ಹಸಿರುಮನೆಗೆ, ನಿನ್ನ ಬಳಿಗೆ, ಕಳಿಸುವ ಮೊದಲು ಓಡಿಸಿ ನೋಡು ಎಂದು ನೀನೇ ಹೇಳಿದ್ದಕ್ಕೆ ಒಂದು ಆಮೆಯನ್ನು ತುಂಬಿದ ಕುಂಡದ ಸಮೇತ ನಡುಮನೆಯಲ್ಲಿ ಬಿಟ್ಟೆ. ಗುಂಡಮ್ಮ ಅದರ ದಾರಿಗೆ ಅಡ್ಡವಾಗಿ ಅಂಬೆಗಾಲಿಟ್ಟು ಬಂದಳು. ಎಲೆ ಅಲುಗಾಡಿದರೆ ಅವಳಿಗೆ ಅದೇನು ನಗುವೋ. ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ತಲೆಯೆತ್ತಿ ಎಲೆ ನೋಡುತ್ತಾ ಕೂತಳು. ಆಮೆ ಬಂತು. ನಿಲ್ಲಲಿಲ್ಲ. ಚಕ್ರ ಅವಳ ಕಿರುಬೆರಳಿಗೆ ತಾಗುವಷ್ಟರಲ್ಲಿ ನಾನು ಕಾಲಿನಿಂದ ಒದ್ದೆ. ಕುಂಡ ಚೂರುಚೂರು, ನಡುಮನೆಯ ತುಂಬಾ ಮಣ್ಣು. ನಾನು ಚೀರಿದ್ದಕ್ಕೆ ಮಗು ಹೆದರಿ ಅತ್ತಿತು. ಅವಳನ್ನು ಎತ್ತಿಕೊಂಡೇ ನಿನಗೆ ಫೋನು ಮಾಡಿದೆ. ಅಣ್ಣಾ, ನೀನು ಮೊದಲು ಕೇಳಿದ್ದು ಏನು ಹೇಳು? "ಆಮೆಗೆ ಏನೂ ಆಗಿಲ್ಲ ತಾನೆ?" ಆಮೇಲೆ, "ಮಗೂಗೂ ಏನೂ ಆಗಿಲ್ವಲ್ಲ, ಮತ್ಯಾಕೆ ಕೂಗಾಡ್ತೀಯ? ನಿದ್ದೆ ಕೆಟ್ಟು ನಿನಗೆ ಎಲ್ಲೆಲ್ಲೂ ಭೂತ ಕಾಣ್ತಿದೆ, ಹೋಗಿ ಮಲಗು." ನಿನ್ನ ಪಕ್ಕದಲ್ಲಿ ಯಾರೋ ನಕ್ಕಿದ್ದು ನನಗೆ ಕೇಳಿಸಿತು.

ಹೌದು, ನಿದ್ದೆಯಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಿಗೆ ಕಂಡದ್ದು ಭೂತವೋ ಏನೋ ತಿಳಿಯಲಿ ಎಂದು ಪರೀಕ್ಷೆಯನ್ನೇ ಮಾಡಿದೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಹಾಲಿನ ಬಾಟಲಿಯನ್ನು ಆಮೆಯ ಎದುರು ನಿಲ್ಲಿಸಿದೆ, ಗಕ್ಕನೆ ನಿಂತಿತು. ಅದೇ ಬಾಟಲಿಯನ್ನು ಮಲಗಿಸಿದೆ, ಉರುಳಿಸಿಕೊಂಡೇ ಹೋಯಿತು. ಇವರ ಶೂಗೆ ನಿಂತಿತು, ಗುಂಡಮ್ಮನ ಕಾಲುಚೀಲದ ಮೇಲೆ ಹತ್ತಿ ಇಳಿಯಿತು. ಕೊನೆಗೆ ನಾನೇ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿದೆ. ಅಲ್ಲಿಂದ ಆ ಕಣ್ಣು ಕಾಣುವುದೇ ಇಲ್ಲ, ಅದಕ್ಕೂ ನಾವು ಕಾಣುವುದಿಲ್ಲ. ನಿನಗೆ ಬಗ್ಗಲಾಗುವುದಿಲ್ಲ, ಒಪ್ಪಿದೆ. ಬಗ್ಗಿದವಳು ಹೇಳಿದರೆ ಕೇಳಲೂ ಆಗುವುದಿಲ್ಲವೇ? ಮಣ್ಣಿಗೆ ಬಾಯಾರಿದ್ದನ್ನು ಒಂದು ಸೂಜಿ ಚುಚ್ಚಿ ತಿಳಿದುಕೊಳ್ಳುವ ಯಂತ್ರ ಮಾಡಿದವರು ನಾವು. ನಿನ್ನ ತಲೆಗೆ ಯಾವ ಸೂಜಿ ಚುಚ್ಚಲಿ?

ಬೈಯುವುದಕ್ಕಷ್ಟೇ ಬರೆಯುತ್ತಿಲ್ಲ. ಒಂದು ಆಮೆಯ ಕಣ್ಣನ್ನು ಮತ್ತೆ ನೆಲಮಟ್ಟಕ್ಕೆ ಇಳಿಸಿದ್ದೇನೆ. ಹಳೆಯ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಅದರ ಮೇಲೆ ರೆಪ್ಪೆಯ ಹಾಗೆ ಅಂಟಿಸಿದೆ. ಕುಂಡಕ್ಕೆ ಚೊಂಬುಗಟ್ಟಲೆ ನೀರು ಸುರಿದರೂ ಕಣ್ಣಿಗೆ ಒಂದು ಹನಿ ಕೆಸರು ತಾಗಲಿಲ್ಲ. ಮಲಗಿದ ಬಾಟಲಿಗೂ ನಿಂತಿತು. ನೋಡಲು ಚೆನ್ನಾಗಿಲ್ಲ ಎಂದು ನೀನು ಮೂಗು ಮುರಿಯುತ್ತೀಯ, ಗೊತ್ತು. ಮುರಿ. ಉಳಿದವಕ್ಕೂ ಹೀಗೆಯೇ ಆಗಬೇಕು, ಅಲ್ಲಿಯವರೆಗೆ ಶಿಶುವಿಹಾರದ ಮಾತು ಬೇಡ. ತಡವಾದರೆ ಆಗಲಿ. ಅಲ್ಲಿನ ಟೀಚರಮ್ಮನಿಗೆ ಹೇಳಲು ನಿನಗೆ ನಾಚಿಕೆಯಾದರೆ ನಾನೇ ಹೇಳುತ್ತೇನೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗಿ ಹೇಳುತ್ತೇನೆ.

ಮೈ ಕಡೆ ಜೋಪಾನ. ಗುಂಡಮ್ಮನಿಂದ ಸೋದರಮಾವನಿಗೆ ಒಂದು ಮುತ್ತು, ಹಲ್ಲಿನ ಸಮೇತ. ನನ್ನಿಂದ ಇವತ್ತಿಗೆ ಬರೀ ನಮಸ್ಕಾರ.

ನಿನ್ನ ತಂಗಿ

ತಾ.ಕ.: ವ್ಯಾನಿನ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಆಮೆಗಳನ್ನು ಕಳಿಸಿದ್ದೇನೆ, ಆನ್ ಮಾಡಲು ಒದ್ದಾಡಬೇಡ. ಅವುಗಳ ಬ್ಯಾಟರಿಗಳು ಇಲ್ಲೇ, ಮಗುವಿನ ಬಟ್ಟೆಯ ಚೀಲದಲ್ಲಿವೆ. ಮೂರನೆಯದು, ನೀನು ಕಣ್ಣು ಮೇಲೇರಿಸಿದ ಹಾಗೆಯೇ, ಇಲ್ಲಿ ನಡುಮನೆಯಲ್ಲಿದೆ. ಹೊಸ ಕುಂಡಕ್ಕೆ ಕಂಠಮಟ್ಟ ಒದ್ದೆ ಮಣ್ಣು ತುಂಬಿಸಿಟ್ಟಿದ್ದೇನೆ. ಬಾ. ಸೊಂಟ ನೋಯಲಿ, ಬಗ್ಗು. ಅದರ ಎದುರು ನಿನ್ನ ಅಂಗೈಯನ್ನು ನೆಲಕ್ಕೆ ಊರು. ಅದು ಹತ್ತಿರ ಬಂದಾಗ ನೀನು ಕೈ ಹಿಂದಕ್ಕೆ ಎಳೆದುಕೊಳ್ಳದಿದ್ದರೆ, ಬ್ಯಾಟರಿಗಳನ್ನು ನಾನೇ ನಿನ್ನ ಜೇಬಿಗೆ ಹಾಕಿ ಕಳಿಸುತ್ತೇನೆ.