ಪತ್ರದಲ್ಲಿ ಇಲ್ಲದ ಸಾಲು

ಜನವರಿ 9, ಬೆಳಿಗ್ಗೆ
ಅಮ್ಮನದು ಮತ್ತೆ ಅದೇ. ಸಾಕ್ಸ್ ಎಲ್ಲಿ, ಬಿಸಿನೀರು ಕುಡಿದೆಯಾ, ಗಣಿತದಲ್ಲಿ ಎಂಬತ್ತೆಂಟೇ ಯಾಕೆ. "ಉಳಿದ ಹನ್ನೆರಡನ್ನ ನಾಯಿ ತಿಂತಾ?" ಅಪ್ಪ ಗಂಜಿಯ ಬಟ್ಟಲಲ್ಲಿ ಮುಖ ಹುದುಗಿಸಿ ಕೂತಿದ್ದ.
ಟೊರೊಂಟೊಗೆ ಬಂದು ಮೂರು ವರ್ಷ. ಅಮ್ಮನ ಬಾಯಿ ಮಾತ್ರ ಚೀನಾದ ನಮ್ಮೂರು ಫುಜೋ ಬಿಟ್ಟು ಬರಲೇ ಇಲ್ಲ.

ಜನವರಿ 16
ಶಾಲೆಯಿಂದ ಪತ್ರ. ಅಮ್ಮನಿಗೆ ಇಂಗ್ಲಿಷ್ ಬಾರದು, ಓದಿ ಹೇಳುವವಳು ಯಾವಾಗಲೂ ನಾನೇ. ಹಿಮ ಹೆಚ್ಚಾದರೆ ರಜೆ ಎಂದಿತ್ತು, ಅಷ್ಟೇ. ಒಂದು ಸಾಲು ಸೇರಿಸಿದೆ— "ಮಕ್ಕಳನ್ನ ಬೈಬಾರದಂತೆ, ಹೊಗಳಬೇಕಂತೆ."
"ಇಷ್ಟು ಸಣ್ಣ ಪತ್ರದಲ್ಲಿ ಅಷ್ಟೆಲ್ಲಾ ಇದೆಯಾ?"
"ಇಂಗ್ಲಿಷ್ ಅಂದ್ರೆ ಹಾಗೇ ಅಮ್ಮ."
"ಮೇಷ್ಟ್ರು ಹೇಳಿದ್ಮೇಲೆ ಮುಗೀತು." ಪತ್ರವನ್ನ ಫ್ರಿಜ್ಜಿಗೆ ಅಂಟಿಸಿದಳು. ಬಚ್ಚಲಿಗೆ ಓಡಿಹೋಗಿ ನಕ್ಕೆ.

ಜನವರಿ 19
ಸ್ವರ್ಗ! ಬರಿಗಾಲಲ್ಲಿ ಓಡಾಡಿದೆ. ಅಮ್ಮ ನೋಡಿ ತುಟಿ ಕಚ್ಚಿಕೊಂಡಳು. ಆಮೇಲೆ "ಗುಡ್ ಜಾಬ್" ಅಂದಳು. ಯಾತಕ್ಕೋ! ಬೇಕರಿಯಲ್ಲಿ ಅಮ್ಮನ ಜೊತೆ ಕೆಲಸ ಮಾಡುವವಳು ಕಲಿಸಿದಳಂತೆ.

ಫೆಬ್ರವರಿ 11
ಗಣಿತದಲ್ಲಿ ಅರವತ್ತೊಂದು. ಬೇಕೆಂದೇ ಮೇಜಿನ ಮೇಲಿಟ್ಟೆ. "ಗುಡ್ ಜಾಬ್." ನೆಂಟರಿಗೆ ಚಹಾ ಕೊಡುವಾಗಿನ ದನಿ.
ಬೈಗುಳದ ಬೆನ್ನಿಗೇ ಬರುತ್ತಿತ್ತಲ್ಲ ಎಲ್ಲ... ಅಜ್ಜಿಯ ಸುದ್ದಿ, ಊರಿನ ಮೀನಂಗಡಿಯ ಕಥೆ. ಅವೂ ನಿಂತವು. ಒದ್ದೆ ತಲೆಯಲ್ಲೇ ಹಿಮಕ್ಕೆ ಹೊರಟೆ. ಅಮ್ಮ ಬಾಗಿಲ ತನಕ ಬಂದಳು. ಬಾಯಿ ತೆರೆದಳು, ಮುಚ್ಚಿದಳು.
ನನಗೆ ಅಮ್ಮ ಬೇಕು. ಈ ಹೆಂಗಸು ಬೇಡ.

ಫೆಬ್ರವರಿ 14
ಅಪ್ಪ ಮೆಲ್ಲಗೆ— "ಯಾನ್ರು, ನಿನ್ನ ಪಾಲಿನ ಬೈಗುಳಾನೂ ನಂಗೇ ಬೀಳ್ತಿದೆ ಕಣೇ. ನಿನ್ನೆ ನಿಮ್ಮಮ್ಮ ಅತ್ಲು. ಹೆತ್ತ ಮಗಳನ್ನ ಬೈಯೋ ಹಕ್ಕೂ ಇಲ್ಲ ಈ ದೇಶದಲ್ಲಿ ಅಂತ."
ಊಟ ಸೇರಲಿಲ್ಲ.

ಫೆಬ್ರವರಿ 15, ಸಂಜೆ 6
ಹೇಳಿಬಿಟ್ಟೆ. "ಆ ಸಾಲು ಪತ್ರದಲ್ಲಿ ಇರ್ಲಿಲ್ಲ ಅಮ್ಮ. ನಾನೇ ಸೇರಿಸಿದ್ದು."
ಸೌಟು ಕೆಳಗಿಟ್ಟಳು. ಫ್ರಿಜ್ಜಿನಿಂದ ಪತ್ರ ಕಿತ್ತಳು, ಮಡಚಿದಳು. ಕೋಣೆಗೆ ಓಡಿಬಂದು ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಅಮ್ಮ, ಏನಾದರೂ ಅನ್ನು...
ಚಪ್ಪಲಿ ಸದ್ದು. ಬಾಗಿಲು.
"ಸಾಕ್ಸ್ ಎಲ್ಲೇ? ನಿಂಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ! ಅರವತ್ತೊಂದಂತೆ, ಅರವತ್ತೊಂದು! ನಿನ್ನ ವಯಸ್ಸಲ್ಲಿ ನಾನು ಮೀನಂಗಡೀಲಿ ಕೂತು ಓದಿ—"
ಅಕ್ಷರ ಮಸುಕಾಗುತ್ತಿದೆ. ಒಂದು ಮಾತೂ ಬಿಡದೆ ಬರೆದುಕೊಳ್ಳಬೇಕು.
"ಅಳೋದೇನು ಬಂತು? ಆ ಪುಸ್ತಕ ಕೊಡಿಲ್ಲಿ, ಮೊದ್ಲು ಕಾಲಿಗೆ—"